ನಕ್ಷೆಯ ಬಲಮೂಲೆ

ಪಂಪು ಕಾರ್ಖಾನೆಯ ಆ ಸಭೆಯಲ್ಲಿ ಮುಖ್ಯ ಇಂಜಿನಿಯರು 'ನಾನು' ಎಂಬ ಮಾತನ್ನು ಹದಿನಾಲ್ಕು ಸಲ ಆಡಿದರು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ನಕ್ಷೆಗಾರ ಒಂದನ್ನೂ ಬಿಡದೆ ಎಣಿಸಿದ್ದ.

"ಅಷ್ಟು ಇಕ್ಕಟ್ಟಾದ ಪಂಪುಮನೆಯೊಳಗೆ ನೀರನ್ನ ಹೇಗೆ ತಿರುಗಿಸೋದು ಅಂತ ನಾನು ಮೂರು ವಾರ ತಲೆ ಕೆಡಿಸ್ಕೊಂಡೆ," ಎಂದರು ಸಾಹೇಬರು. ಎಲ್ಲರೂ ಚಪ್ಪಾಳೆ ತಟ್ಟಿದರು.

ತಲೆ ಕೆಡಿಸಿಕೊಂಡವನು ನಕ್ಷೆಗಾರ. ಹಳೆಯ ಪಂಪುಮನೆಯಲ್ಲಿ ಮಂಡಿಯೂರಿ ಗೋಡೆಯಿಂದ ಗೋಡೆಗೆ ಟೇಪು ಹಿಡಿದವನು ಅವನೇ. ಪಂಪಿನ ಕವಚಕ್ಕೆ ಕೊಕ್ಕರೆಯ ಹಾಗೆ ಕತ್ತು ಕೊಟ್ಟು, ಗೋಡೆಗೆ ತಾಗುವ ಮೊದಲೇ ಅದನ್ನು ಬಾಗಿಲ ಕಡೆಗೆ ಹೊರಳಿಸಿದವನೂ ಅವನೇ. ಅದನ್ನು ಒಂದೇ ದೊಡ್ಡ ಹಾಳೆಯಲ್ಲಿ, ಮುಂದಿನ ನೋಟ, ಮೇಲಿನ ನೋಟ, ಪಕ್ಕದ ನೋಟ ಎಂದು ಮಗುವಿಗೂ ತಿಳಿಯುವಂತೆ ಬಿಡಿಸಿದ್ದ. ಹಾಳೆಯ ಕೆಳಗಿನ ಬಲಮೂಲೆಯಲ್ಲಿ 'ವಿನ್ಯಾಸ' ಎಂಬಲ್ಲಿ ಸಾಹೇಬರ ಪೂರ್ತಿ ಹೆಸರು. 'ಬಿಡಿಸಿದವರು' ಎಂಬಲ್ಲಿ ಇರುವೆ ಗಾತ್ರದ ಎರಡು ಅಕ್ಷರ, ಅವನವು. ಇಪ್ಪತ್ತೆರಡು ವರ್ಷಗಳಿಂದ ಹೀಗೆಯೇ.

ಮನೆಯಲ್ಲಿ ಅನ್ನದ ತಟ್ಟೆಯ ಮುಂದೆ ಕೂತು ಎಲ್ಲವನ್ನೂ ಹೇಳಿದ. ಹೆಂಡತಿ ಸೌಟು ಕೆಳಗಿಟ್ಟಳು.

"ಮತ್ತೆ ಅದೇ ರಾಗಾನಾ? ಅವರ ಎದುರಿಗೆ ಹೇಳ್ರೀ. ನನಗೆ ಹೇಳಿದ್ರೆ ನಾನೇನು ಚಪ್ಪಾಳೆ ತಟ್ಟಲಾ?"

"ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಕಾಗದದ ಮೇಲೆ ಹೇಳ್ಬೇಕು," ಎಂದ.

ಆ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಹೊಳೆಯಿತು. ಕೈತೊಳೆದು ಏಳುವಷ್ಟರಲ್ಲಿ ಯೋಜನೆಯ ಅರ್ಧ ತಯಾರಾಗಿತ್ತು.

ಒಂದು ಅಳತೆಯನ್ನೂ ಮುಟ್ಟಬೇಕಿರಲಿಲ್ಲ. ಅಳತೆ ಬದಲಿಸಿದರೆ ಕೂಡಿ ನೋಡಿದವರಿಗೆ ಗೊತ್ತಾಗುತ್ತದೆ. ಅದೇ ಬಲಮೂಲೆಯಲ್ಲಿ ಬೆರಳುಗುರಿನಷ್ಟು ಚಿಹ್ನೆಯೊಂದಿರುತ್ತದೆ: ತುದಿ ಕತ್ತರಿಸಿದ ಒಂದು ಶಂಕು, ಪಕ್ಕದಲ್ಲಿ ಒಂದರೊಳಗೊಂದು ಎರಡು ವೃತ್ತ. ವೃತ್ತಗಳು ಎಡಕ್ಕಿದ್ದರೆ ನಕ್ಷೆಯ ಪಕ್ಕದ ನೋಟವನ್ನು ಒಂದು ಬಗೆಯಲ್ಲಿ ಓದಬೇಕು, ಬಲಕ್ಕಿದ್ದರೆ ಅದಕ್ಕೆ ಉಲ್ಟಾ. ಚಿಹ್ನೆಯೊಂದು ತಿರುಗಿದರೆ ಸಾಕು, ಗೆರೆಗಳೆಲ್ಲ ಇದ್ದ ಹಾಗೇ ಇದ್ದರೂ ವಸ್ತು ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗುತ್ತದೆ. ಎಡಗಾಲಿನ ಚಪ್ಪಲಿ ಕೇಳಿದವನಿಗೆ ಬಲಗಾಲಿನದು ಹೊಲಿದುಕೊಟ್ಟಂತೆ. ಕೊಕ್ಕರೆಯ ಕತ್ತು ಬಾಗಿಲ ಬದಲು ಗೋಡೆಗೆ ಮೂತಿ ಇಡುತ್ತದೆ. ಒಂದೂವರೆ ಟನ್ನಿನ ಎರಕ, ಊರ ಗಣ್ಯರ ಕಣ್ಣೆದುರು, ಕೂರಬೇಕಾದ ಜಾಗದಲ್ಲಿ ಕೂರುವುದಿಲ್ಲ. ಯಾರಿಗೂ ಗಾಯವಿಲ್ಲ, ರಕ್ತವಿಲ್ಲ. ಹೋಗುವುದು ಸಾಹೇಬರ ಮಾನ ಮಾತ್ರ.

ಸಾಹೇಬರು ಸಹಿ ಹಾಕಿದ ದಿನ ಊಟದ ಬಿಡುವಿನಲ್ಲಿ ಕೋಣೆ ಖಾಲಿಯಾಗಿತ್ತು. ನಕ್ಷೆಗಾರ ಬ್ಲೇಡಿನ ಅಂಚಿನಿಂದ ಮೂಲ ಹಾಳೆಯ ಚಿಹ್ನೆಯನ್ನು ಹಗುರವಾಗಿ ಕೆರೆದ. ಸಾಹೇಬರು ಮೇಜಿನ ಮೇಲೆ ಮರೆತುಹೋದ ದಪ್ಪ ಮೊನೆಯ ಪೆನ್ನಿನಿಂದಲೇ ಅದನ್ನು ತಿರುಗಿಸಿ ಬರೆದ. 'ತಿದ್ದುಪಡಿ' ಎಂಬಲ್ಲಿ ಅವರ ಸೊಟ್ಟ ಕಿರುಸಹಿಯನ್ನು ಇಳಿಸಿದ. ಇಪ್ಪತ್ತೆರಡು ವರ್ಷ ಆ ಸಹಿಯ ಪಕ್ಕದಲ್ಲೇ ಬದುಕಿದ ಕೈ ಅದು. ಮಧ್ಯಾಹ್ನ ಅದರ ನೀಲಿ ಪ್ರತಿ ತೆಗೆದು, ಎಂದಿನಂತೆ ಜವಾನನ ಕೈಲಿ ಅಚ್ಚಿನ ಶೆಡ್ಡಿಗೆ ಕಳಿಸಿದ.

ಅಚ್ಚಿನ ಮೇಸ್ತ್ರಿಯ ಬಗ್ಗೆ ಅವನಿಗೆ ಚಿಂತೆಯಿರಲಿಲ್ಲ. ಎರಕಕ್ಕೆ ಮರದ ಅಚ್ಚು ಕೆತ್ತುವ ಆ ಮನುಷ್ಯ ಸ್ವಂತ ಬುದ್ಧಿ ಓಡಿಸಿದವನೇ ಅಲ್ಲ. ಕಾಗದದಲ್ಲಿ ಏನಿದೆಯೋ ಅದು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಚಿಹ್ನೆಯ ಪಾಠವನ್ನು ಕಾರ್ಖಾನೆಯವರಿಗೆಲ್ಲ ನಕ್ಷೆಗಾರನೇ ಹೇಳಿಕೊಟ್ಟಿದ್ದ. ಆಗ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ಈ ಮೇಸ್ತ್ರಿ.

ಇನ್ನುಳಿದದ್ದು ತನ್ನ ರಕ್ಷಣೆ. ಎರಕ ಕೆಟ್ಟ ಮೇಲೆ ಬಾಯಿಬಿಟ್ಟರೆ ಯಾರು ನಂಬುತ್ತಾರೆ? ಕೆಡುವ ಮೊದಲೇ ಹೇಳಿರಬೇಕು, ಆದರೆ ಅದು ಯಾರ ಕಿವಿಗೂ ಬಿದ್ದಿರಬಾರದು. ಕಾರ್ಖಾನೆಯ ಯಜಮಾನಿ ಹದಿನೈದು ದಿನ ಪ್ರವಾಸ ಹೋಗಿದ್ದರು. ಪಂಪು ಕೂರಿಸುವ ಬೆಳಗ್ಗೆಯೇ ಮರಳುವವರಿದ್ದರು. ಅಚ್ಚು ಮುಗಿದು ಎರಕಕ್ಕೆ ಹೋಯಿತೆಂದು ಕೇಳಿದ ಮಾರನೆಯ ದಿನ ಅವನು ಅವರಿಗೊಂದು ಪತ್ರ ಬರೆದ: ಸಾಹೇಬರು ಚಿಹ್ನೆ ತಿದ್ದಿದರು, ನಾನು ತಡೆದೆ, ಬಾಯಿ ಮುಚ್ಚು ಎಂದು ಗದರಿದರು. ಇಷ್ಟಕ್ಕೇ ಪತ್ರ ಸಪ್ಪೆ ಎನಿಸಿತು. ಊಹೆಗಿಂತ ಸಾಕ್ಷಿ ಗಟ್ಟಿ ಎಂದುಕೊಂಡು ಇನ್ನೊಂದು ಸಾಲು ಸೇರಿಸಿದ: 'ಅಚ್ಚನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ತಿರುವುಮುರುವಾಗಿಯೇ ಇದೆ.' ಅಸಲಿಗೆ ಅವನು ಆ ಶೆಡ್ಡಿನ ಹತ್ತಿರವೂ ಸುಳಿದಿರಲಿಲ್ಲ. ಅಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ ಎಂಬ ಎಚ್ಚರ.

"ಅಂಟಿಸಿರೋ ಲಕೋಟೆ. ಅಮ್ಮಾವ್ರೇ ಒಡೀಬೇಕು," ಎಂದು ಅದನ್ನು ಕಚೇರಿಯ ಗುಮಾಸ್ತೆಯ ಕೈಗೆ ಕೊಟ್ಟ.

"ಅವರು ಬರೋವರೆಗೂ ಬೀಗದಲ್ಲೇ ಇರುತ್ತೆ ಬಿಡಿ," ಎಂದು ಗುಮಾಸ್ತೆ ತಾರೀಖಿನ ಮುದ್ರೆ ಒತ್ತಿ, ಪುಸ್ತಕದಲ್ಲಿ ಬರೆದು, ಅವನಿಂದ ಸಹಿಯನ್ನೂ ಪಡೆದಳು. ಅವನಿಗೆ ಬೇಕಾಗಿದ್ದೂ ಅದೇ.

ಆ ಬೆಳಗ್ಗೆ ಪಂಪುಮನೆಯ ಮುಂದೆ ಜನ ಸೇರಿತ್ತು. ಸರಪಳಿಯಲ್ಲಿ ತೂಗುತ್ತ ಕವಚ ಒಳಗಿಳಿಯಿತು. ಹೊದಿಸಿದ್ದ ಗೋಣಿತಾಟು ಜಾರಿತು. ಕತ್ತು ಬಾಗಿಲ ಕಡೆಗೇ ಹೊರಳಿತ್ತು. ಬೋಲ್ಟುಗಳು ಬೆಣ್ಣೆಯಲ್ಲಿ ಇಳಿದಂತೆ ಇಳಿದವು. ಸಾಹೇಬರು ಬೆವರು ಒರೆಸಿಕೊಂಡು ನಕ್ಕರು. ನಕ್ಷೆಗಾರನ ಬೆವರು ಮಾತ್ರ ಆಗಷ್ಟೇ ಒಡೆಯುತ್ತಿತ್ತು.

ಲಕೋಟೆ! ಅವನು ಕಚೇರಿಯ ಕಡೆ ಓಡಬೇಕೆಂದು ತಿರುಗಿದ. ಯಜಮಾನಿಯ ಕಾರು ಕಚೇರಿಯ ಕಡೆಯಿಂದಲೇ ಬಂದು ನಿಂತಿತ್ತು. ಕಾಗದ ಆಗಲೇ ಅವರ ಕೈಯಲ್ಲಿತ್ತು.

ಅವರು ಒಳಗೆ ಹೋಗಿ ಕವಚವನ್ನು ಸುತ್ತು ಹಾಕಿ ನೋಡಿದರು. ಹೊರಗೆ ಬಂದು ಮೆಲ್ಲಗೆ ಕೇಳಿದರು, "ಕಣ್ಣಾರೆ ನೋಡಿದ್ದೇನೆ ಅಂತ ಬರೆದಿದ್ದೀರಿ. ಏನನ್ನ ನೋಡಿದ್ರಿ?"

ಉತ್ತರಕ್ಕೆ ಕಾಯದೆ ಅವರು ಗುಂಪಿನಲ್ಲಿದ್ದ ಅಚ್ಚಿನ ಮೇಸ್ತ್ರಿಯ ಕಡೆ ತಿರುಗಿದರು.

"ಮೇಸ್ತ್ರಿ, ನಕ್ಷೇಲಿ ಚಿಹ್ನೆ ತಿರುಗಿತ್ತಾ?"

"ಯಾವ ಚಿಹ್ನೆ ಅಮ್ಮಾ?" ಎನ್ನುತ್ತ ಮೇಸ್ತ್ರಿ ಚೀಲದಿಂದ ನೀಲಿ ಹಾಳೆಯನ್ನು ತೆಗೆದು ಬಿಡಿಸಿದ. ಹಾಳೆಯ ಮೈ ಬಿಸಿಲಿಗೆ ಮಾಸಿತ್ತು. ಕೆಳಗಿನ ಒಂದು ಗೇಣಿನ ಪಟ್ಟಿ ಮಾತ್ರ ಹೊಸದರ ಹಾಗೆ ಕಡುನೀಲಿಯಾಗಿತ್ತು. ಅದರ ಬಲಮೂಲೆಯಲ್ಲಿ ತಿರುಗಿದ ಚಿಹ್ನೆ, ಪಕ್ಕದಲ್ಲಿ ಸಾಹೇಬರದಲ್ಲದ ಸಾಹೇಬರ ಸಹಿ. "ಇದನ್ನ ನಾನು ನೋಡೇ ಇಲ್ಲ," ಎಂದ ಮೇಸ್ತ್ರಿ ಸಂಕೋಚದಿಂದ. "ಎಂದಿನ ಹಾಗೇ ಓದ್ಕೊಂಡು ಕೆತ್ತಿದೆ. ನಮ್ಮ ಶೆಡ್ಡಿನ ಗೋಡೆಯಲ್ಲಿರೋ ಹಲಗೆ ಹಾಳೆಗಿಂತ ಒಂದು ಗೇಣು ಗಿಡ್ಡ ಅಮ್ಮಾ. ಕೆಳಗಿನ ಅಂಚನ್ನ ಹಿಂದಕ್ಕೆ ಮಡಿಸಿಯೇ ಮೊಳೆ ಹೊಡಿಯೋದು."