ಬೆನ್ನು ಹಾಕಿ ಕರೆದವಳು

"ಡಾಕ್ಟ್ರೇ, ಬೇಗ ನೋಡಿ! ತಂತಿಬೇಲಿ ಹಾರೋಕೆ ಹೋಗಿ ಕಾಲು ಕುಯ್ಕೊಂಡಿದೆ..."

ಪ್ರಾಣಿಗಳ ಆಸ್ಪತ್ರೆಯ ಬಾಗಿಲನ್ನು ಭುಜದಿಂದಲೇ ದೂಡಿಕೊಂಡು ಬಂದವನ ತೋಳಲ್ಲಿ ಒಂದು ಎಳೆಯ ಬೇಟೆನಾಯಿ. ಡಾಕ್ಟರಮ್ಮ ಎಂದಿನಂತೆ ಮೊದಲು ನೋಡಿದ್ದು ಕಾಲನ್ನು. ಹಿಂಗಾಲಿನ ಹಿಮ್ಮಡಿಯ ಮೇಲೆ ಸೀಳಿದ ಗಾಯ, ಪಾದ ಜೋತುಬಿದ್ದಿದೆ. ಹಿಮ್ಮಡಿಯನ್ನು ಮೀನಖಂಡಕ್ಕೆ ಬಿಗಿದಿರುವ ದಪ್ಪ ನರವೇ ಹರಿದಿದೆ ಅಂತ ಮುಟ್ಟುವ ಮೊದಲೇ ಗೊತ್ತಾಯಿತು.

ಆಮೇಲೆ ಅವನ ಮುಖ ನೋಡಿದಳು.

ಅಯ್ಯೋ... ಇವನಾ?!

'ಇನ್ನೊಂದು ಸಲ ನನ್ನ ಕಣ್ಣಿಗೆ ಬಿದ್ರೆ ನಾಯಿ ಛೂ ಬಿಡ್ತೀನಿ' ಅಂತ ವರ್ಷಗಳ ಹಿಂದೆ ಯಾರ ಮುಖದ ಮೇಲೆ ಬಾಗಿಲು ಹಾಕಿದ್ದಳೋ, ಅದೇ ಮುಖ! ಕಿವಿಯ ಪಕ್ಕ ನಾಲ್ಕು ಕೂದಲು ನೆರೆತಿವೆ, ಅಷ್ಟೇ. ಒಂದು ಕಾಲದಲ್ಲಿ ಇವನನ್ನು ಪ್ರೀತಿಯಿಂದ ಮೂಗಬಸವ ಅಂತ ಕರೆಯುತ್ತಿದ್ದಳು.

"ನಿನ್ನನ್ನೇ ಹುಡುಕಿಕೊಂಡು..."

"ನಿಮ್ಮನ್ನೇ," ತಿದ್ದಿದಳು ಅವಳು. "ಇಲ್ಲಿ ನಾನು ಡಾಕ್ಟರು. ಮೇಜಿನ ಮೇಲೆ ಮಲಗಿಸಿ, ಹೊರಗೆ ಹೋಗಿ."

ಈ ಹಗೆ ಇಂದು ನಿನ್ನೆಯದಲ್ಲ, ಸ್ವಲ್ಪ ಹಿಂದಕ್ಕೆ ಹೋಗೋಣ ಬನ್ನಿ.

ಅವಳ ಅಪ್ಪ ಬೇಟೆನಾಯಿ ಸಾಕಿ ಪಳಗಿಸುತ್ತಿದ್ದವರು. ಇವನು ಅವರ ಹತ್ತಿರ ಕೆಲಸಕ್ಕಿದ್ದ. ತಾಯಿ ಇಲ್ಲದ ಅವಳಿಗೆ ಅಪ್ಪನನ್ನು ಬಿಟ್ಟರೆ ಚುರುಕಿ ಅನ್ನೋ ನಾಯಿಯೇ ಜೀವ. ಯಾರ ಸಿಳ್ಳೆಗೂ ಬಗ್ಗದ ಹಟಮಾರಿ! ಯಾರೂ ಇಲ್ಲದಾಗ ಹಿತ್ತಲಲ್ಲಿ ಅವಳು ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತು, ಅಂಗೈಯನ್ನು ಹಿಂದಕ್ಕೆ ಚಾಚುತ್ತಿದ್ದಳು. ಆಗ ಮಾತ್ರ ಚುರುಕಿ ಮೆಲ್ಲಗೆ ಬಂದು ಅಂಗೈಯಲ್ಲಿ ಒದ್ದೆ ಮೂಗು ಇಡುತ್ತಿತ್ತು. ಈ ಆಟ ಅಪ್ಪನಿಗೆ ಗೊತ್ತಿಲ್ಲ, ಪ್ರೀತಿಸಿದ ಹುಡುಗನಿಗೂ ಗೊತ್ತಿಲ್ಲ.

ಒಂದು ದಿನ ಚುರುಕಿಯ ಹಿಮ್ಮಡಿ ನರವೂ ಹೀಗೇ ಹರಿಯಿತು. ಮಾರನೇ ಸಂಜೆ ಕಾಲೇಜಿನಿಂದ ಬಂದು ನೋಡಿದರೆ ಗೂಡು ಖಾಲಿ.

"ಓಡದ ನಾಯಿಗೆ ಅನ್ನ ದಂಡ ಅಂತ ಆ ಹುಡುಗ ಮುಗಿಸಿಬಿಟ್ಟ ಕಣಮ್ಮಾ," ಅಂದರು ಅಪ್ಪ.

ಅವನು ಮನೆಗೆ ಬಂದಾಗ ಬಾಗಿಲಲ್ಲೇ ತಡೆದು "ಹೌದೇನೋ?" ಅಂತ ಕೇಳಿದ್ದಳು. ಅವನು ಅವಳ ಹಿಂದೆ ನಿಂತಿದ್ದ ಅಪ್ಪನನ್ನು ನೋಡಿದ. ತಲೆ ತಗ್ಗಿಸಿದ. ಅಷ್ಟೇ! ಬಾಗಿಲು ಧಡಾರ್ ಅಂತ ಮುಚ್ಚಿತು.

ನಾಯಿಗಳ ಕಾಲು ಕೂಡಿಸುವ ವಿದ್ಯೆಯನ್ನು ಅವಳು ಕಲಿತದ್ದೇ ಆ ಸಂಕಟದಲ್ಲಿ.

ಈಗ ಮೇಜಿನ ಮೇಲಿದ್ದ ನಾಯಿಯ ಹರಿದ ನರವನ್ನೂ ಅವಳು ಜೋಡಿಸಿ ಹೊಲಿದಳು. ನಾಯಿಯ ಮೇಲೆ ಅವಳಿಗೇನು ದ್ವೇಷ? ಸೇಡೇನಿದ್ದರೂ ಹೊರಗೆ ಬೆಂಚಿನ ಮೇಲೆ ಕೂತಿದ್ದವನ ಮೇಲೆ.

"ಪಾದ ಅಲ್ಲಾಡಬಾರದು, ಅದಕ್ಕೇ ದಬ್ಬೆ ಕಟ್ಟಿದೀನಿ. ಗುಣ ಆಗೋವರೆಗೂ ನಾಯಿ ಇಲ್ಲೇ ಇರುತ್ತೆ. ನೀವು ದಿನಾ ಬರಬೇಕು. ಗೂಡು ತೊಳೀಬೇಕು."

"ಸರಿ."

"ಇದರದ್ದೊಂದೇ ಅಲ್ಲ. ಎಲ್ಲಾ ಗೂಡು."

"ಸರಿ."

"ಅದರ ತಲೆ ಸವರಂಗಿಲ್ಲ."

ಈ ಸಲ 'ಸರಿ' ಬರುವುದು ತಡವಾಯಿತು. ಅವಳಿಗೆ ಒಳಗೊಳಗೇ ಎಂಥಾ ಖುಷಿ! *ಉರಿಯುತ್ತಾ? ಉರೀಲಿ. ಉಪ್ಪು ತಿಂದವನು ನೀರು ಕುಡೀಲೇಬೇಕು.*

ಅವನು ದಿನಾ ಬಂದ. ಪ್ಯಾಂಟು ಮಡಚಿ, ಪೊರಕೆ ಹಿಡಿದು, ಸೀನುವ ಬೆಕ್ಕಿನ ಗೂಡಿನಿಂದ ಹಿಡಿದು ಮುದಿ ಮೇಕೆಯ ಕೊಟ್ಟಿಗೆಯವರೆಗೂ ತೊಳೆದ. ಒಂದು ತಕರಾರಿಲ್ಲ. ಜಗಳಕ್ಕೆ ಕಾದು ಕೂತವಳಿಗೆ ಇದಕ್ಕಿಂತ ಹಿಂಸೆ ಬೇಕೇ? ತೊಳೆದದ್ದನ್ನೇ ಮತ್ತೆ ತೊಳೆಸಿದಳು.

ಆಸ್ಪತ್ರೆಯ ಆಯಾಗೆ ನೋಡಿ ನೋಡಿ ಸಾಕಾಯಿತು. "ಅಮ್ಮಾ, ಅತಿಯಾಗಿ ಹಿಂಡಿದ್ರೆ ನಿಂಬೆಹಣ್ಣೂ ಕಹಿ ಆಗುತ್ತೆ."

"ನಿನ್ನ ಕೆಲಸ ಹಗುರ ಆಯ್ತಲ್ಲ, ಸುಮ್ನೆ ಕೂತು ಚಹಾ ಕುಡಿ!"

ನಾಯಿಯ ಹೆಸರು ಕಿಡಿ. ಹೆಸರಿಗೆ ತಕ್ಕ ಹಾಗೇ ಇತ್ತು. ದಬ್ಬೆಯ ಪಟ್ಟಿಯನ್ನು ಕಚ್ಚಿ ಎಳೆಯುತ್ತಿತ್ತು, ಕಿಟಕಿಯಲ್ಲಿ ಪಾರಿವಾಳ ಕಂಡರೆ ಮೈಯೆಲ್ಲ ನಡುಗಿಸುತ್ತಿತ್ತು. ಗಾಯ ಮಾಗುತ್ತಾ ಬಂದ ಮೇಲೆ ಡಾಕ್ಟರಮ್ಮ ದಿನಾ ದಬ್ಬೆ ಸಡಿಲಿಸಿ, ಬಿಸಿ ಬಟ್ಟೆ ಒತ್ತಿ, ಪಾದವನ್ನು ಕೂದಲೆಳೆಯಷ್ಟೇ ಮಡಚಿ ಬಿಡಿಸಿದಳು. ನರ ಚೆನ್ನಾಗಿ ಕೂಡಿಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಅವಳ ತೊಡೆಯ ಮೇಲೆ ಕಿಡಿ ಗದ್ದ ಇಟ್ಟು ನಿದ್ದೆಹೋದಾಗ ಅವಳ ತಲೆಯಲ್ಲಿ ಆ ಯೋಚನೆ ಹೊಳೆಯಿತು.

*ನನ್ನ ನಾಯಿಯನ್ನ ನೀನು ಕಿತ್ಕೊಂಡೆ. ನಿನ್ನ ನಾಯಿಯನ್ನ ನಾನು ಕಿತ್ಕೋತೀನಿ. ಮುಯ್ಯಿಗೆ ಮುಯ್ಯಿ!*

ದಬ್ಬೆ ಬಿಚ್ಚಿದ ಬೆಳಿಗ್ಗೆ ಅವನನ್ನು ಅಂಗಳಕ್ಕೆ ಕರೆದಳು. ಆಯಾ ಪಕ್ಕದಲ್ಲೇ ಕಿಡಿಯ ಹಗ್ಗ ಹಿಡಿದು ಹೆಜ್ಜೆ ಹಾಕಿಸುತ್ತಿದ್ದಳು.

"ಇದು ಇನ್ನು ಜನ್ಮದಲ್ಲಿ ಓಡಲ್ಲ. ಬೇಟೆಗಂತೂ ಬರಲ್ಲ," ಅಂದಳು. ಸುಳ್ಳು ಎಷ್ಟು ಸಲೀಸಾಗಿ ಬಂತು! "ಓಡದ ನಾಯಿಯನ್ನ ನೀವು ಏನು ಮಾಡ್ತೀರಿ ಅಂತ ನಂಗೆ ಗೊತ್ತು. ಇಲ್ಲೇ ಬಿಟ್ಟು ಹೋಗಿ."

ಅವನ ಮುಖ ಬಾಡಿತು. ಆದರೆ ಅವನು ಹೇಳಿದ್ದೇ ಬೇರೆ.

"ಓಡದಿದ್ರೆ ಏನಂತೆ? ಕುಂಟಲಿ. ನಾನು ಕರ್ಕೊಂಡು ಹೋಗ್ತೀನಿ."

"ನಾಟಕ ಸಾಕು!" ಅವಳು ಅವನ ಎದುರಿಗೇ ಬಂದು ನಿಂತಳು. "ಚುರುಕಿಗೆ ಯಾಕೆ ಈ ಕರುಣೆ ಇರಲಿಲ್ಲ? ಅವಳೇನು ಪಾಪ ಮಾಡಿದ್ಲು?"

ಅವನು ಬಾಯಿ ತೆರೆದ. ಅಷ್ಟರಲ್ಲಿ...

"ಅಯ್ಯಯ್ಯೋ, ಹೋಯ್ತು! ಹಗ್ಗ ಜಾರಿತು!" ಆಯಾ ಕೂಗಿಕೊಂಡಳು.

ಗೋಡೆಯ ಮೇಲೊಂದು ಬೆಕ್ಕು. ಅಂಗಳದ ನಡುವೆ ಕಿಡಿ, ಮೈ ಬಿಗಿಹಿಡಿದು, ಇನ್ನೇನು ನೆಗೆಯಬೇಕು.

"ಸಿಳ್ಳೆ ಹಾಕಪ್ಪಾ, ನಿನ್ನ ನಾಯಿ ತಾನೇ!" ಅಂದಳು ಆಯಾ.

"ಬೇಡ!" ಡಾಕ್ಟರಮ್ಮ ಕಿರುಚಿದಳು. "ಸಿಳ್ಳೆ ಕೇಳಿದ್ರೆ ಓಡಿ ಬರ್ತಾಳೆ! ಇಷ್ಟು ಚೆನ್ನಾಗಿ ಕೂಡಿಕೊಂಡಿದೆ ನರ... ಇನ್ನೊಂದೆರಡು ತಿಂಗಳಲ್ಲಿ ಓಡೋ ಕಾಲು ಅದು! ಈಗ ನೆಗೆದ್ರೆ ಕಿತ್ತೇ ಹೋಗುತ್ತೆ!"

ತನ್ನ ಸುಳ್ಳನ್ನು ತಾನೇ ಬಿಚ್ಚಿಟ್ಟದ್ದು ಅವಳ ಅರಿವಿಗೇ ಬರಲಿಲ್ಲ. ಅವನು ಒಂದು ಕ್ಷಣ ಅವಳನ್ನು ನೋಡಿದ. ತುಟಿಯ ಹತ್ತಿರ ಹೋಗಿದ್ದ ಬೆರಳನ್ನು ಇಳಿಸಿದ.

ಆಮೇಲೆ ನಿಧಾನವಾಗಿ ತಿರುಗಿದ. ಕಿಡಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತ. ಬಲಗೈಯನ್ನು ಹಿಂದಕ್ಕೆ ಚಾಚಿ ಅಂಗೈ ಬಿಡಿಸಿದ.

ಅವಳ ಹಿತ್ತಲಿನ ಅದೇ ಆಟ!

ಕಿಡಿ ಕಿವಿ ತಿರುಗಿಸಿತು. ಬೆಕ್ಕನ್ನು ನೋಡಿತು, ಆ ಅಂಗೈಯನ್ನು ನೋಡಿತು. ಕಾಲನ್ನು ಜೋಪಾನವಾಗಿ ಊರುತ್ತಾ ಬಂದು ಅಂಗೈಯಲ್ಲಿ ಮೂಗು ಇಟ್ಟಿತು.

ಆಯಾ ಹಗ್ಗ ಹಿಡಿದು ಅದನ್ನು ಒಳಗೆ ಕರೆದೊಯ್ದಳು. ಹೋಗುವಾಗ ಇಬ್ಬರ ಮುಖವನ್ನೂ ನೋಡಿ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು.

"ಇದು... ಇದನ್ನ ಯಾರು ಕಲಿಸಿದ್ರು ನಿಂಗೆ?" 'ನೀವು' ಎಲ್ಲೋ ಬಿದ್ದುಹೋಗಿತ್ತು.

"ಚುರುಕಿ."

"ಸುಳ್ಳು! ನಾನು ಯಾರಿಗೂ ತೋರಿಸಿಲ್ಲ! ಅದು ನಂಗೂ ಅವಳಿಗೂ ಮಾತ್ರ..."

ಮಾತು ಅಲ್ಲೇ ಕಡಿಯಿತು. ಹಾಗಾದರೆ ಚುರುಕಿ ಅವತ್ತು ಸಾಯಲಿಲ್ಲವೇ?

"ಮುಗಿಸು ಅಂತ ನಿಮ್ಮಪ್ಪ ನನ್ನ ಕೈಗೆ ಕೊಟ್ರು," ಅಂದ ಅವನು. "ನಂಗೆ ಮನಸ್ಸು ಬರಲಿಲ್ಲ. ಹೊತ್ಕೊಂಡು ಹೋಗಿ ನಮ್ಮನೇಲಿ ಬಚ್ಚಿಟ್ಟೆ. ಅವಳು ಅನ್ನ ಮುಟ್ಟಲಿಲ್ಲ, ಹತ್ರ ಸೇರಿಸಲಿಲ್ಲ. ಒಂದಿನ ಸಾಕಾಗಿಹೋಗಿ, ಅವಳಿಗೆ ಬೆನ್ನು ಹಾಕಿ ಕೂತು ಅತ್ತುಬಿಟ್ಟೆ. ಕೈ ಹಿಂದೆ ನೆಲದ ಮೇಲಿತ್ತು. ಬಂದು ಮೂಗು ಇಟ್ಲು."

"ಎಲ್ಲಿವರೆಗೂ... ಇದ್ಲು?"

"ಹೋದ ಚಳಿಗಾಲದವರೆಗೂ. ಕುಂಟ್ಕೊಂಡೇ ಎಲ್ಲರ ಮೇಲೂ ದರ್ಬಾರು ಮಾಡ್ತಿದ್ಲು. ಕಿಡಿ ಅವಳ ಮೊಮ್ಮಗಳು. ಮನೇಲಿರೋ ನಾಯಿಗಳನ್ನೆಲ್ಲ ನಾನು ಹೀಗೇ ಕರೆಯೋದು."

"ಹಾಗಾದ್ರೆ ಅವತ್ತು ಬಾಗಿಲಲ್ಲಿ ಯಾಕೋ ಬಾಯಿ ಬಿಡಲಿಲ್ಲ?!"

"ಹೇಳಿದ್ರೆ ನೀನು ಅಪ್ಪನ್ನ ದ್ವೇಷಿಸ್ತಿದ್ದೆ. ಅವರನ್ನ ಬಿಟ್ರೆ ನಿಂಗೆ ಯಾರಿದ್ರು? ಅದಕ್ಕೆ... ನನ್ನನ್ನೇ ದ್ವೇಷಿಸಲಿ ಅಂದ್ಕೊಂಡೆ. ಅವರು ತೀರಿಕೊಂಡ ಸುದ್ದಿ ಬಂದಾಗಲೂ ನಿನ್ನ ಮುಂದೆ ನಿಲ್ಲೋ ಧೈರ್ಯ ಬರಲಿಲ್ಲ. ಕಿಡಿಗೆ ಹೀಗಾದಾಗ ಹತ್ತಿರದ ಆಸ್ಪತ್ರೆ ಬಿಟ್ಟು ಇಷ್ಟು ದೂರ ಬಂದೆ."

ಅವಳು ಅವನ ಎದೆಗೆ ಮುಷ್ಟಿಯಿಂದ ಗುದ್ದಿದಳು. ಒಂದಲ್ಲ, ಎರಡಲ್ಲ.

"ದೊಡ್ಡ ತ್ಯಾಗಿ ನೀನು! ನಾನು ಯಾರನ್ನ ದ್ವೇಷಿಸಬೇಕು ಅಂತ ತೀರ್ಮಾನ ಮಾಡೋಕೆ ನೀನ್ಯಾರೋ? ಸತ್ತೇ ಹೋದ್ಲು ಅಂತ ಇಷ್ಟು ವರ್ಷ ಅತ್ತೆ ನಾನು! ಬದುಕಿದ್ದಾಗ ಒಂದೇ ಒಂದು ಸಲ... ಅವಳ ಮೂಗು ನನ್ನ ಕೈಗೆ ತಾಕಬಾರದಿತ್ತಾ?"

ಅವನ ಕಣ್ಣು ತುಂಬಿತು. "ತಪ್ಪು ನಂದು."

"ಕ್ಷಮಿಸಲ್ಲ ನಾನು."

"ಸರಿ."

"ಸರಿಯಂತೆ ಸರಿ! ಕಿಡಿಯನ್ನ ಕಿತ್ಕೊಳೋಕೆ ನಾನೂ ಸುಳ್ಳು ಹೇಳ್ದೆ, ಗೊತ್ತಾ?"

"ಗೊತ್ತು. ಆಗಲೇ ಊರಿಗೆಲ್ಲ ಕೇಳೋ ಹಾಗೆ ಕಿರುಚಿದ್ಯಲ್ಲ."

ಅಳುವಿನ ಮಧ್ಯೆಯೇ ನಗು ಉಕ್ಕಿತು. ಅದಕ್ಕೂ ಅವಳಿಗೆ ಸಿಟ್ಟೇ! "ಇನ್ನೇನೂ ಹೇಳೋದಿಲ್ವಾ, ಮೂಗಬಸವ?"

"ಇದೆ." ಅವನು ತಲೆ ಎತ್ತಿದ. "ನಿನ್ನ ಮೇಲೆ ಪ್ರಾಣಾನೇ ಇಟ್ಟಿದ್ದೆ ಕಣೇ. ಈಗಲೂ ಅಲ್ಲೇ ಇದೆ."

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷ ಕಟ್ಟಿಕೊಂಡ ಹಗೆಯನ್ನು ಒಂದೇ ಮಾತಿಗೆ ಬಿಟ್ಟುಕೊಡುವುದು ಹೇಗೆ? ಸರಕ್ಕನೆ ತಿರುಗಿದಳು. ಅವನಿಗೆ ಬೆನ್ನು ಹಾಕಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳು.

ಆಮೇಲೆ ಅವಳ ಬಲಗೈ ಮೆಲ್ಲಗೆ ಹಿಂದಕ್ಕೆ ಬಂತು. ಅಂಗೈ ಬಿಚ್ಚಿಕೊಂಡಿತು.

"ಇದು ಕೋಪಾನಾ... ಕರೆಯೋದಾ?" ಅವನು ನಿಂತಲ್ಲಿಂದಲೇ ಕೇಳಿದ.

"ಎರಡೂ. ಓಡಿ ಬರಬೇಡ. ನಿಧಾನಕ್ಕೆ ಬಾ."

ಅವನು ನಿಧಾನಕ್ಕೇ ಬಂದ. ಹಿಂದೆ ಕೂತು, ಬಿಚ್ಚಿದ ಆ ಅಂಗೈಯಲ್ಲಿ ತನ್ನ ಕೈ ಇಟ್ಟ. ಅವಳ ಬೆರಳುಗಳು ಬಿಗಿಯಾಗಿ ಮುಚ್ಚಿಕೊಂಡವು.

"ನಾಳೆನೂ ಗೂಡು ತೊಳೆಯೋಕೆ ಬರಲಾ?"

"ಬರದೆ ಇದ್ದು ನೋಡು," ಅಂದಳು ಅವಳು, ತಿರುಗದೆಯೇ. "ನಾಯಿ ಛೂ ಬಿಡ್ತೀನಿ!"