ಹತ್ತಿಯ ಮೇಲಿನ ಗಂಟು

ಬೆಳಗಿನ ಚಹಾ ತಂದ ರೋಷನಬಿ ಗಂಡನನ್ನು ಅಲುಗಾಡಿಸಿದಳು. ಚಾಂದಪಾಶಾ ಏಳಲಿಲ್ಲ. ಹಿಂದಿನ ದಿನವಷ್ಟೇ ಹರ್ನಿಯಾ ಆಪರೇಷನ್ ಆಗಿತ್ತು. ಈಗ ಮೈ ತಣ್ಣಗಿತ್ತು. ಮುಖ ಬಾತುಕೊಂಡಿತ್ತು. ಜೇವರ್ಗಿ ಕಾಲೋನಿಯ ಆ ಖಾಸಗಿ ನರ್ಸಿಂಗ್ ಹೋಮ್ ಅವಳ ಕೂಗಿಗೆ ಎದ್ದು ಕೂತಿತು.

"ಅವರಿಗೆ ಒಂದು ನೋವಿನ ಇಂಜೆಕ್ಷನ್ ಒಗ್ಗೂದಿಲ್ರಿ," ಎಂದರು ಡಾಕ್ಟರು. "ಅದಕ್ಕೇ ಕೈಗೆ ಕೆಂಪು ರಿಬ್ಬನ್ ಕಟ್ಟೀವಿ. ಯಾರೋ ಅದನ್ನೇ ಕೊಟ್ಟಾರ."

"ರಾತ್ರಿ ಡ್ಯೂಟಿ ಯಾರದಿತ್ರಿ?" ಪಿಎಸ್ಐ ಸುಷ್ಮಿತಾ ಕೇಳಿದಳು.

ಮ್ಯಾನೇಜರ್ ಗುರುಲಿಂಗ ಸಿಬ್ಬಂದಿ ದಾಖಲೆ ತೋರಿಸಿದ. ಮಲ್ಕಮ್ಮ, ಸ್ಟಾಫ್ ನರ್ಸ್. "ಮುಂಜಾನಿಂದ ಕಾಣವಲ್ಲಳ್ರಿ ಮೇಡಂ. ಊರಿಗಿ ಓಡಿ ಹೋಗ್ಯಾಳ."

ಹೆಣದ ಮೊಣಕೈ ಮಡಿಕೆಯಲ್ಲಿ ಹತ್ತಿ ಇತ್ತು. ಅದರ ಮೇಲೆ ಪ್ಲಾಸ್ಟರ್ ಇರಲಿಲ್ಲ. ಬ್ಯಾಂಡೇಜ್ ಬಟ್ಟೆಯ ಎಳೆ ಸುತ್ತಿ, ತಾಯತ ಕಟ್ಟಿದ ಹಾಗೆ ಗಂಟು ಹಾಕಿದ್ದರು. ಸುಷ್ಮಿತಾ ಅದರ ಫೋಟೊ ತೆಗೆದುಕೊಂಡಳು, ಯಾರನ್ನೂ ಕೇಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟುವ ಪೈಕಿ ಅವಳಲ್ಲ. ಆದರೂ ಅವತ್ತು ಕಟ್ಟಿದಳು. ಗೇಟಿನಲ್ಲಿ ಕಾದಿದ್ದ ಟಿವಿಯವರಿಗೆ, "ನರ್ಸ್ ಮಲ್ಕಮ್ಮನ ತಪ್ಪಿನಿಂದ ಸಾವಾಗಿದೆ" ಎಂದುಬಿಟ್ಟಳು. ಮಧ್ಯಾಹ್ನದೊಳಗೆ ಬಿಳಿ ಕೋಟಿನ ಮಲ್ಕಮ್ಮ ಜಗತ್ ಸರ್ಕಲ್ಲಿನ ಅಂಗಡಿ ಟಿವಿಗಳಲ್ಲೆಲ್ಲ ಕಾಣಿಸಿಕೊಂಡಳು.

*

ಕಮಲಾಪುರದ ಮನೆಯಲ್ಲಿ ಮಲ್ಕಮ್ಮನ ತಾಯಿ ಕೆಂಬಾಳೆ ಹಣ್ಣಿನ ಬುಟ್ಟಿಯ ಮುಂದೆ ಸುಮ್ಮನೆ ಕೂತಿದ್ದಳು. ಅವತ್ತು ಮಾರಲು ಹೋಗಿರಲಿಲ್ಲ. ಬಾಗಿಲಿಗೆ ಬಂದ ಸುಷ್ಮಿತಾಳನ್ನು ಕಂಡು ಮಲ್ಕಮ್ಮ ಓಡಲಿಲ್ಲ, ಅಳಲಿಲ್ಲ. ಎರಡೂ ಕೈ ಮುಂದೆ ಚಾಚಿದಳು. ಮೊಣಕೈವರೆಗೂ ಹಸಿರು ಬಳೆ.

ಸುಷ್ಮಿತಾ ಬೇಡಿಯನ್ನು ಮರೆತು ಬಳೆ ನೋಡಿದಳು. "ಡ್ಯೂಟಿಗೂ ಇವನ್ನ ಹಾಕೊಂಡೇ ಹೋಗ್ತೀಯೇನು?"

ಮಲ್ಕಮ್ಮ ತನ್ನ ಮಗಳಿದ್ದ ಒಳಕೋಣೆಯ ಬಾಗಿಲು ಎಳೆದು ಮುಚ್ಚಿ, ದನಿ ತಗ್ಗಿಸಿದಳು. "ಬಳಿ ಬ್ಯಾಡ ಅನ್ನೂದು ಸಿಸ್ಟರ್ ಮಂದಿಗ್ರಿ. ನಾ ಆಯಾ ಅದೀನಿ. ಹಾಸಿಗಿ ಬದಲಿ ಮಾಡೂದು, ಮಲಮೂತ್ರ ತೆಗಿಯೂದು ನನ್ನ ಕೆಲಸ."

"ಮತ್ತ ದಾಖಲೆದಾಗ ನರ್ಸ್ ಅಂತ ಅದಲ್ಲ?"

"ತಪಾಸಣಿಗೆ ನರ್ಸ್ ಕಮ್ಮಿ ಬೀಳ್ತಾರಂತ ಮ್ಯಾನೇಜರ್ ಸಾಹೇಬ್ರು ಹಂಗ ಬರದಾರ್ರಿ. ಬಿಳಿ ಕೋಟ್ ಹಾಕಿ ನಿಂದ್ರಿಸಿ ಫೋಟೊ ತೆಗೆಸಿದ್ರು. ನನಗೂ ಹಿಗ್ಗಾತ್ರಿ." ಅವಳು ಮುಚ್ಚಿದ ಬಾಗಿಲಿನ ಕಡೆ ನೋಡಿದಳು. "ನಾ ಆ ಕೋಟ್ ಹಾಕದಿದ್ರ ಅಲ್ಲಿ ಖರೇ ನರ್ಸ್ ಇರ್ತಿದ್ಳು. ಆ ಮನಿಷಾನ ನಾನೂ ಕೊಂದೀನ್ರಿ."

"ಸೂಜಿ ಮಾಡಿದ್ದು ಯಾರು?"

ಮಲ್ಕಮ್ಮ ತಲೆ ತಗ್ಗಿಸಿದಳು. ಅನ್ನ ಹಾಕಿದವರ ಹೆಸರು ಬಾಯಿಗೆ ಬರಲಿಲ್ಲ. ಸುಷ್ಮಿತಾ ಫೋನಿನಲ್ಲಿದ್ದ ಗಂಟಿನ ಫೋಟೊ ತೋರಿಸಿದಳು. ಮಲ್ಕಮ್ಮ ಮುಖ ತಿರುಗಿಸಿದಳು. ಮುದುಕಿ ಮಾತ್ರ ಬಗ್ಗಿ ನೋಡಿ ಒಂದು ಹೆಸರು ಹೇಳಿದಳು.

*

ಮರುದಿನ ಸುಷ್ಮಿತಾ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ರಕ್ತ ಕೊಟ್ಟಳು. ಮೊಣಕೈಯಲ್ಲಿ ಹತ್ತಿ ಒತ್ತಿಕೊಂಡೇ ಮ್ಯಾನೇಜರ್ ಕೋಣೆಗೆ ಬಂದಳು. ಪ್ಲಾಸ್ಟರ್ ಸುರುಳಿ, ಬ್ಯಾಂಡೇಜ್ ಬಟ್ಟೆ ಎರಡನ್ನೂ ಮೇಜಿನ ಮೇಲಿಟ್ಟಳು.

"ಒಂದೇ ಕೈಲಿ ಆಗವಲ್ದು. ಇಷ್ಟು ಭದ್ರ ಮಾಡ್ರಿ."

ಗುರುಲಿಂಗ ಮಲ್ಕಮ್ಮನನ್ನು ಬೈಯುತ್ತಲೇ ಬಟ್ಟೆ ಹರಿದ, ಸುತ್ತಿದ, ಗಂಟು ಹಾಕಿದ. ಪ್ಲಾಸ್ಟರ್ ಕಡೆ ಅವನ ಕೈ ಹೋಗಲೇ ಇಲ್ಲ. ಸುಷ್ಮಿತಾ ಫೋಟೊವನ್ನು ಆ ಗಂಟಿನ ಪಕ್ಕ ಹಿಡಿದಳು.

"ಹೆಣದ ಕೈಯಾಗ ಸಲೈನಿನ ಸೂಜಿ ಇತ್ತು. ನರ್ಸ್ ಆಗಿದ್ರ ಅದರಾಗೇ ಔಷಧ ಬಿಡ್ತಿದ್ಳು. ಇಲ್ಲಿ ಬ್ಯಾರೇ ನರಕ್ಕ ಚುಚ್ಚ್ಯಾರ, ಅದೂ ಒಂದೇ ಸಲಕ್ಕ. ಆಯಾಗ ಅದು ಆಗೂದಿಲ್ಲ. ಹಳೇ ಪದ್ಧತಿಯ ಪಳಗಿದ ಕೈ. ಕಮಲಾಪುರದಾಗ ನೀವು ಕಂಪೌಂಡರ್ ಇದ್ದಾಗ ಊರಿಗೆಲ್ಲ ಹಿಂಗೇ ಕಟ್ಟತಿದ್ರಂತ. ಪ್ಲಾಸ್ಟರ್ ಕಿತ್ತಿದ್ರ ಮಂದಿಗಿ ಉರೀತದ ಅಂತ."

ಗುರುಲಿಂಗ ಕೈ ಮುಗಿದ. "ಅಂವ ನೋವಿಗಿ ಒದ್ದಾಡಾಕತ್ತಿದ್ದ ಮೇಡಂ. ಮಲ್ಕಮ್ಮ ಫೋನ್ ಮಾಡಿದ್ಳು. ನರ್ಸ್ ಒಬ್ಬರೂ ಇರಲಿಲ್ಲ. ಕೈಯಾಗಿನ ಕೆಂಪು ರಿಬ್ಬನ್ ದರ್ಗಾದ್ದು ಅನ್ಕೊಂಡೆ." ಕಣ್ಣೊರೆಸಿಕೊಂಡ. "ಆಮ್ಯಾಲ ಊರಿಗಿ ಹೋಗು, ನಾ ನೋಡ್ಕೋತೀನಿ ಅಂತ ಆಕಿಗಿ ಹೇಳಿದೆ."

ಚೆನ್ನಾಗಿಯೇ ನೋಡಿಕೊಂಡಿದ್ದ!

*

ಸುಷ್ಮಿತಾ ಅವತ್ತೇ ಟಿವಿಯವರನ್ನು ಕರೆಸಿದಳು. ಒಬ್ಬರೂ ಬರಲಿಲ್ಲ. ಸಂಜೆ ಮಲ್ಕಮ್ಮನ ಹೇಳಿಕೆಯನ್ನು ತಾನೇ ಬರೆದುಕೊಂಡಳು.

"ಕೆಲಸ?"

"ಆಯಾ ಅಂತನೇ ಬರೀರಿ. ಸುಳ್ಳು ಸಾಕು."

ಸುಷ್ಮಿತಾ ಬರೆದಳು. ಪೆನ್ನು ಕೆಳಗಿಟ್ಟು, "ತಪ್ಪಾತ್ರಿ ಮಲ್ಕಮ್ಮ. ನಿಮ್ಮನ್ನ ಒಂದು ಮಾತು ಕೇಳದೆ ಟಿವಿಗೆ ಹೇಳಿಬಿಟ್ಟೆ," ಎಂದಳು. ನೀನು ಎನ್ನಲು ನಾಲಿಗೆ ಏಳಲಿಲ್ಲ.

"ನನ್ನ ಮಗಳು ಪ್ರೀತಿ ಸಾಲಿಗಿ ಹೋಗವಲ್ಲಳ್ರಿ. ಕೊಲಿಗಾತಿ ಮಗಳು ಅಂತಾರಂತ."

"ನಾಳೆ ನಾನೇ ಯೂನಿಫಾರ್ಮಿನ್ಯಾಗ ಆಕಿ ಸಾಲಿಗಿ ಬರ್ತೀನಿ. ಎಲ್ಲಾರ ಮುಂದ ಹೇಳ್ತೀನಿ, ಈಕಿ ಅವ್ವ ಕೊಂದಿಲ್ಲ, ಆಕಿ ನರ್ಸೇ ಅಲ್ಲ, ತಪ್ಪು ನಂದು ಅಂತ."

ಮಲ್ಕಮ್ಮ ಬಳೆ ತಿರುವಿದಳು.

"ಕೊಂದಿಲ್ಲ ಅಂತ ಹೇಳ್ರಿ ಮೇಡಂ. ನರ್ಸ್ ಅಲ್ಲ ಅನ್ನೂದು ಮಾತ್ರ ಹೇಳಬ್ಯಾಡ್ರಿ. ಆ ಬಿಳಿ ಕೋಟಿನ ಫೋಟೊ ಆಕಿ ಒಳಗ ಗೋಡಿಗಿ ಹಚ್ಚ್ಯಾಳ."

ಸುಷ್ಮಿತಾ ಹೇಳಿಕೆಯಲ್ಲಿ ಆಗಲೇ ಬರೆದಿದ್ದ 'ಆಯಾ' ಎಂಬ ಪದವನ್ನು ನೋಡಿದಳು. ಅದನ್ನು ಅಳಿಸುವಂತಿರಲಿಲ್ಲ.