ಆರು ಮಿಲಿಮೀಟರ್ ಮುನಿಸು

"ಹೊಡೀಬೇಡಿ!"

ಅವಳು ಎತ್ತಿದ ಸುತ್ತಿಗೆ ಗಾಳಿಯಲ್ಲೇ ನಿಂತಿತು. ತಾನಾಗಿ ನಿಂತದ್ದಲ್ಲ... ಹಿಂದಿನಿಂದ ಯಾರೋ ಹಿಡಿದು ನಿಲ್ಲಿಸಿದ್ದರು!

ತಿರುಗಿ ನೋಡಿದಳು. ಸುತ್ತಿಗೆಯ ತಲೆಯನ್ನು ಅಂಗೈಯಲ್ಲಿ ಭದ್ರವಾಗಿ ಹಿಡಿದುಕೊಂಡು ಅಪರಿಚಿತನೊಬ್ಬ ನಿಂತಿದ್ದ. ಉದ್ದ ತೋಳಿನ ಬಿಳಿ ಅಂಗಿ, ಕೆದರಿದ ಕೂದಲು, ಮುಖದ ತುಂಬ ಗಾಬರಿ.

"ಕೈ ಬಿಡ್ರೀ! ಯಾರು ನೀವು?"

"ಬಿಡ್ತೀನಿ. ನೀವು ಹೊಡೆಯಲ್ಲ ಅಂದ್ರೆ ಈಗಲೇ ಬಿಡ್ತೀನಿ. ನನ್ನ ಜೀಪಲ್ಲಿ ಹದಿನಾರು ಪೆಟ್ಟಿಗೆ ಜೇನುನೊಣ ಇವೆ. ಆಗ್ಲೇ ಸಿಟ್ಟಾಗಿ ಕೂತಿವೆ. ಸದ್ದು ಅವಕ್ಕೆ ಆಗಲ್ಲ..."

ಬೆಳಗಿನ ಆರೂವರೆ. ಗ್ಯಾರೇಜಿನ ಶಟರ್ ಆಗಷ್ಟೇ ಮೇಲೆ ಹೋಗಿತ್ತು. ಬಾಗಿಲ ಮುಂದೆ ನಿಂತಿದ್ದ ಹಳೆಯ ಜೀಪಿನಿಂದ ನಿಜಕ್ಕೂ ಒಂದು ಗುಂಯ್ ಸದ್ದು ಬರುತ್ತಿತ್ತು.

"ಸದ್ದೇ ಇಲ್ಲದ ಗ್ಯಾರೇಜ್ ಬೇಕಿದ್ರೆ ಇನ್ನೂ ಕಟ್ಟಿಲ್ಲ ಯಾರೂ!" ಎಂದು ಅವಳು ಗದರಿದಳು. ಆದರೆ ಗದರಿದ ಆ ಹುಡುಗಿಯೇ ಸುತ್ತಿಗೆಯನ್ನು ಕಬ್ಬಿಣದ ಮೇಜಿನ ಮೇಲಿಡದೆ, ಪಕ್ಕದಲ್ಲಿದ್ದ ಗೋಣಿಚೀಲದ ಮೇಲೆ ಮೆಲ್ಲಗೆ ಮಲಗಿಸಿದಳು.

ಅವನು ಅದನ್ನು ನೋಡಿದ.

"ಮೇಸ್ತ್ರಿ ಇಲ್ವಾ?"

ಒಂಬತ್ತು ವರ್ಷಗಳಿಂದ ದಿನಕ್ಕೆ ನಾಲ್ಕು ಸಲವಾದರೂ ಕೇಳಿದ ಪ್ರಶ್ನೆ! ಅವಳ ಮುಖ ಗಂಟಿಕ್ಕಿತು.

"ಅಪ್ಪ ಮುಖ ತೊಳೀತಿದ್ದಾರೆ. ಎಂಜಿನ್ ಆದ್ರೆ ಅವರು. ಸ್ಪ್ರಿಂಗು, ಶಾಕು, ಚಕ್ರದ ಕೆಲಸ ಎಲ್ಲ ನಂದು. ನನಗೆ ಹೇಳಿದ್ರೆ ಆಗಲ್ವಾ?"

ಸಾಮಾನ್ಯವಾಗಿ ಇಷ್ಟು ಹೇಳಿದ ಮೇಲೂ ಜನ ಅವಳ ಭುಜದಾಚೆ ಕತ್ತು ಚಾಚಿ ಅಪ್ಪನನ್ನೇ ಹುಡುಕುತ್ತಿದ್ದರು. ಇವನು ಮಗುಚಿಟ್ಟ ಟೈರಿನ ಮೇಲೆ, ಡಾಕ್ಟರ ಎದುರು ಕೂತವನಂತೆ ಕೂತ.

"ಖಂಡಿತ ಆಗುತ್ತೆ. ಕೇಳಿ, ಹೇಳ್ತೀನಿ."

ಅವನು ಜೇನು ಸಾಕುವವ. ಬೆಟ್ಟದ ಮೇಲಿನ ಇಳಿಜಾರಿನಲ್ಲಿ ಹೂ ಬಿಡಲು ಶುರುವಾಗಿತ್ತು. ಅದು ಇರುವುದು ಇಪ್ಪತ್ತೇ ದಿನ. ಅಷ್ಟರೊಳಗೆ ಎಂಬತ್ತು ಪೆಟ್ಟಿಗೆಗಳು ಮೇಲೆ ಹೋಗಬೇಕು. ಮೊದಲರ್ಧ ದಾರಿ ಟಾರು, ತಿರುವಿನ ಮೇಲೆ ತಿರುವು. ಆಮೇಲೆ ಬರೀ ಬಂಡೆ. ಹಿಂದಿನ ದಿನ ಆ ಬಂಡೆಗಳ ಮೇಲೆ ಜೀಪಿನ ಮುಂದಿನ ಚಕ್ರ ಗಾಳಿಗೆದ್ದು, ದಡ್ ಎಂದು ಕೆಳಗೆ ಬಿದ್ದಿತ್ತು. ಮೂರು ಪೆಟ್ಟಿಗೆಗಳೊಳಗಿನ ಮೇಣದ ಎರಿ ಮುರಿದು, ಒಂದರಲ್ಲಿ ರಾಣಿನೊಣವೇ ಜಜ್ಜಿ ಹೋಗಿತ್ತು.

ಅದನ್ನು ಹೇಳುವಾಗ ಅವನ ದನಿ ಇಳಿಯಿತು. ಒಂದು ನೊಣಕ್ಕೆ ಇಷ್ಟು ದುಃಖವೇ... ಎಂದುಕೊಂಡ ಅವಳ ಗಂಟುಮುಖ ತಾನಾಗಿ ಸಡಿಲವಾಯಿತು.

ಇಬ್ಬರೂ ಸೇರಿ ಪೆಟ್ಟಿಗೆಗಳನ್ನು ನೆರಳಿಗೆ ಇಳಿಸಿದರು. ಅವನು ಹೇಳದೆಯೇ ಅವಳು ಒದ್ದೆ ಬಟ್ಟೆ ತಂದು ಅವುಗಳ ಮೇಲೆ ಹೊದಿಸಿದಳು. ನಂತರ ಜೀಪಿನ ಒಂದು ಮುಂಚಕ್ರವನ್ನು ಮರದ ದಿಮ್ಮಿಗಳ ಮೇಲೆ ಹತ್ತಿಸಿದಳು.

"ಈ ಕಡೆ ಬಂದು ನೋಡಿ."

ಇನ್ನೊಂದು ಮುಂಚಕ್ರ ನೆಲಬಿಟ್ಟು ನೇತಾಡುತ್ತಿತ್ತು. ಅವಳು ಬೆರಳಲ್ಲಿ ತಳ್ಳಿದಳು. ಸುಮ್ಮನೆ ತಿರುಗಿತು.

"ಒಂದು ಚಕ್ರ ಮೇಲೆ ಹೋದ್ರೆ ಇನ್ನೊಂದು ಕೆಳಗೆ ಇಳಿದು ನೆಲ ಹಿಡೀಬೇಕು. ಇಲ್ಲಿ ಇಳಿಯೋಕೆ ಬಿಡ್ತಿಲ್ಲ. ಯಾಕೆ ಗೊತ್ತಾ? ಬಗ್ಗಿ, ಆ ಉಕ್ಕಿನ ಕಂಬಿ ನೋಡಿ. ಸ್ವೇ ಬಾರ್ ಅಂತಾರೆ. ಎಡದ ಚಕ್ರಕ್ಕೂ ಬಲದ ಚಕ್ರಕ್ಕೂ ಗಂಟು ಹಾಕಿರುತ್ತೆ. ತಿರುವಲ್ಲಿ ಗಾಡಿ ವಾಲದ ಹಾಗೆ ತಡೆಯೋದು ಅದರ ಕೆಲಸ. ನಿಮ್ಮದು ತುಂಬಾ ದಪ್ಪ. ಯಾರು ಹಾಕಿಸಿದ್ದು?"

"ನಮ್ಮ ಭಾವ. ಹುಟ್ಟಿದಹಬ್ಬಕ್ಕೆ ಅಂತ..."

"ಹುಟ್ಟಿದಹಬ್ಬಕ್ಕೆ ಅಂಗಿ ಕೊಡಿಸಕ್ಕೆ ಹೇಳಿ ಇನ್ಮೇಲೆ!"

ಅವನು ಜೋರಾಗಿ ನಕ್ಕ. ನಕ್ಕವನೇ ಪೆಟ್ಟಿಗೆಗಳ ಕಡೆ ನೋಡಿ ಬಾಯಿ ಮುಚ್ಚಿಕೊಂಡ. ಅವಳಿಗೂ ನಗು ತಡೆಯಲಾಗಲಿಲ್ಲ.

ದಪ್ಪ ಬಾರ್ ಇಪ್ಪತ್ತೆಂಟು ಮಿಲಿಮೀಟರ್. ಗ್ಯಾರೇಜಿನಲ್ಲಿ ಇಪ್ಪತ್ತೆರಡರದ್ದೊಂದು ಇತ್ತು.

"ಬರೀ ಆರು ಮಿಲಿಮೀಟರ್ ತಾನೇ?" ಎಂದ ಅವನು.

"ಆರೇ ಮಿಲಿಮೀಟರ್. ಆದ್ರೆ ಬಿಗಿ ಎರಡೂವರೆ ಪಟ್ಟು."

ಅಷ್ಟರಲ್ಲಿ ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರು. "ದಪ್ಪ ಬಾರ್ ಯಾಕಮ್ಮ ಬಿಚ್ತೀಯ? ವಾಲೋ ಗಾಡಿ ಕಂಡ್ರೆ ನನಗೆ ಭಯ."

"ಸ್ವಲ್ಪ ವಾಲುತ್ತೆ ಅಪ್ಪ, ಬೀಳಲ್ಲ. ತಿರುವಲ್ಲಿ ನಿಧಾನ ಹೋದ್ರಾಯ್ತು."

ಅಪ್ಪ ಗಿರಾಕಿಯ ಮುಖ ನೋಡಿದರು. ಗಿರಾಕಿ ಅವಳ ಮುಖ ನೋಡಿದ.

"ನೀವೇನಂತೀರೋ ಅದು," ಎಂದ. ಅವಳಿಗೆ!

ತೆಳ್ಳನೆಯ ಬಾರ್ ಹಾಕಿದ ಮೇಲೆ ಅದೇ ದಿಮ್ಮಿ ಹತ್ತಿಸಿದರು. ಈ ಸಲ ಎದುರಿನ ಚಕ್ರ ನೆಲವನ್ನು ಒತ್ತಿಕೊಂಡು ಕೂತಿತ್ತು. ಅವನು ಬಗ್ಗಿ ಚಕ್ರದ ಬುಡವನ್ನು ಮುಟ್ಟಿ ಮುಟ್ಟಿ ನೋಡಿದ. ಬಿಚ್ಚಿದ ಬಾರನ್ನು ಹಿಂದಿನ ಸೀಟಿನ ಕೆಳಗೆ ಕಟ್ಟಿ, ಹೊರಡುವ ಮುಂಚೆ ಒಂದು ತಟ್ಟೆಯಲ್ಲಿ ನೀರು ಹಾಕಿ, ನಾಲ್ಕು ಬೆಣಚುಕಲ್ಲು ಇಟ್ಟ.

"ಇದೆಂಥದ್ದು?"

"ಒಂದೆರಡು ನೊಣ ಇಲ್ಲೇ ಉಳ್ಕೊಂಡಿವೆ. ಬಾಯಾರಿಕೆ ಆಗುತ್ತಲ್ಲ... ಕಲ್ಲಿಲ್ಲದಿದ್ರೆ ಮುಳುಗಿ ಸಾಯ್ತವೆ."

ಅವನು ಹೋದ ಮೇಲೂ ಅವಳು ಆ ತಟ್ಟೆಯನ್ನು ನೋಡುತ್ತಲೇ ನಿಂತಿದ್ದಳು.

ಆಮೇಲಿನ ಹತ್ತು ದಿನಗಳಲ್ಲಿ ಜೇನಿನವ ಆರು ಸಲ ಬಂದ. ಒಮ್ಮೆ ಏನೋ ಕಿರ್ ಅನ್ನುತ್ತೆ ಎಂದ. ಇನ್ನೊಮ್ಮೆ ಕಿರ್ ಅನ್ನುವುದು ನಿಂತುಹೋಯಿತು, ಅದಕ್ಕೇ ಭಯವಾಯಿತು ಎಂದ!

"ಸದ್ದಾದ್ರೂ ಬರ್ತಾನೆ, ಆಗದಿದ್ರೂ ಬರ್ತಾನೆ," ಅಮ್ಮ ಚಹಾದ ಲೋಟ ಇಡುತ್ತಾ ಹೇಳಿದರು. "ಆ ಗಾಡಿಗೆ ಏನೂ ಆಗಿಲ್ಲ ಕಣೇ. ಆಗಿರೋದು ಡ್ರೈವರಿಗೆ."

"ಸುಮ್ನಿರಮ್ಮ!"

ಒಂದು ಎರಿಯೂ ಮುರಿದಿರಲಿಲ್ಲ. ನಲವತ್ತೆಂಟು ಪೆಟ್ಟಿಗೆಗಳು ಮೇಲೆ ಹೋಗಿದ್ದವು. ಬುಧವಾರ ಅವನು ಬಾಗಿಲಲ್ಲೇ ನಿಂತು, ಜೀಪಿನ ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತಾ ತಡವರಿಸಿದ.

"ಮೇಲೆ ಇಳಿಜಾರೆಲ್ಲ ಹೂವಾಗಿದೆ... ನಿಮ್ಮ ಬಾರ್ ಎಂಥಾ ದಾರೀಲಿ ಓಡ್ತಿದೆ ಅಂತ ನೋಡಬೇಡ್ವಾ? ಭಾನುವಾರ ಕೊನೇ ಹದಿನಾರು ಪೆಟ್ಟಿಗೆ ಒಯ್ತೀನಿ. ಬರ್ತೀರಾ?"

"ಬರ್ತೀನಿ," ಎಂದಳು. ಅಷ್ಟು ಬೇಗ ಹೇಳಬಾರದಿತ್ತೇನೋ! ಅವಳ ಕಿವಿ ಬಿಸಿಯಾಯಿತು.

ಗುರುವಾರ ಅವಳು ಸಾಮಾನು ತರಲು ಹೋಗಿದ್ದಾಗ ಜೀಪು ಆಯಿಲ್ ಬದಲಾಯಿಸಲು ಬಂದು ಹೋಯಿತು. ಶುಕ್ರವಾರ ಅವನು ಹದಿನಾರು ಪೆಟ್ಟಿಗೆ ಒಯ್ದ. ಶನಿವಾರ ಮಧ್ಯಾಹ್ನ ಬಂದಾಗ ಅವನ ಮುಖದಲ್ಲಿ ನಗುವಿರಲಿಲ್ಲ.

"ಎರಡು ಪೆಟ್ಟಿಗೆ ಎರಿ ಮುರೀತು," ಎಂದ. "ಚಕ್ರ ಎದ್ದಿತ್ತು."

"ಏನು?! ಆಗೋಕೆ ಸಾಧ್ಯವೇ ಇಲ್ಲ!"

ಅವಳು ಜೀಪಿನಡಿ ನುಸುಳಿದಳು. ಕಣ್ಣಿಗೆ ಬಿದ್ದದ್ದನ್ನು ನಂಬಲಾಗದೆ ವರ್ನಿಯರ್ ತರಿಸಿಕೊಂಡು ಬಾರಿನ ದಪ್ಪ ಅಳೆದಳು. ಇಪ್ಪತ್ತೆಂಟು!

ಅವಳು ಹಾಕಿದ ಬಾರ್ ಇರಲಿಲ್ಲ. ಅದೇ ಹಳೆಯ ದಪ್ಪ ಬಾರ್ ಮತ್ತೆ ಬಂದು ಕೂತಿತ್ತು.

ಹಳೆಯದು ಇದ್ದದ್ದು ಅವನ ಹತ್ತಿರವೇ ಅಲ್ಲವೇ? ಅಂದರೆ... ಇನ್ನೊಂದು ಗ್ಯಾರೇಜಿಗೆ ಹೋಗಿದ್ದಾನೆ. ಯಾರೋ ಗಂಡಸು ಮೇಸ್ತ್ರಿ ಇದು ಸರಿಯಲ್ಲ ಎಂದಿದ್ದಾನೆ. ಇವನು ನಂಬಿದ್ದಾನೆ. 'ನೀವೇನಂತೀರೋ ಅದು' ಎಂದ ಬಾಯಿಯೇ...

ಜೀಪಿನ ಕೆಳಗೆ, ಯಾರಿಗೂ ಕಾಣದಂತೆ, ಅವಳು ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಹೊರಗೆ ಬಂದು ಕೈ ಒರೆಸಿಕೊಂಡಳು.

"ನನ್ನ ಕೈಲಿ ಮಾಡೋಂಥದ್ದು ಏನೂ ಇಲ್ಲ. ಮತ್ತೆ... ನಾಳೆ ನನಗೆ ಬೇರೆ ಕೆಲಸ ಇದೆ."

ಅವನು ಜೀಪಿನ ಕೀಲಿಕೈ ಎತ್ತಿಕೊಂಡ.

"ಸರಿ... ಗೊತ್ತಾಯ್ತು," ಎಂದಷ್ಟೇ ಹೇಳಿ ಹೊರಟುಹೋದ.

ಏನು ಗೊತ್ತಾಯ್ತಂತೆ? ಅವಳು ಸ್ಪ್ಯಾನರ್‌ಗಳನ್ನೆಲ್ಲ ಕೆಳಗೆ ಸುರಿದು ಮತ್ತೆ ಜೋಡಿಸತೊಡಗಿದಳು. ಈಗ ಎಷ್ಟು ಸದ್ದು ಮಾಡಿದರೂ ಬೇಡ ಎನ್ನುವವರಿರಲಿಲ್ಲ.

ಸಂಜೆ ಅಪ್ಪ ಹತ್ತಿರ ಬಂದು ನಿಂತರು. "ನಾಳೆ ಎಷ್ಟು ಹೊತ್ತಿಗೆ ಹೊರಡ್ತೀಯಮ್ಮ?"

"ಹೋಗಲ್ಲ."

"ಯಾಕೆ?"

"ಅವರಿಗೆ ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಅಪ್ಪ. ನಾನು ಹಾಕಿದ ಬಾರ್ ಬಿಚ್ಚಿಸಿ ದಪ್ಪದ್ದು ಹಾಕಿಸ್ಕೊಂಡಿದ್ದಾರೆ." "ಎಲ್ಲರ ಹಾಗೇ ಇವರೂ..."

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸಿದ ಮುಖವನ್ನೇ ಮತ್ತೆ ಒರೆಸಿಕೊಂಡರು.

"ಅವನಲ್ಲಮ್ಮ... ಅದು ಹಾಕಿದ್ದು ನಾನು."

"ಅಪ್ಪಾ!"

"ಗುರುವಾರ, ಆಯಿಲ್ ಹಾಕುವಾಗ. ಅವನು ಹೊರಗೆ ಚಹಾ ಕುಡೀತಿದ್ದ. ಭಾನುವಾರ ನೀನು ಆ ಗಾಡೀಲಿ ಕೂರ್ತೀಯ ಅಂತ ನಿಮ್ಮಮ್ಮ ಹೇಳಿದ್ಲು. ಅಷ್ಟೊಂದು ತಿರುವು... ವಾಲಿದ್ರೆ? ನನ್ನ ಮಗಳು ಕೂರೋ ಗಾಡಿ ವಾಲಬಾರದು ಅಂತ..."

ಒಳಗಿನಿಂದ ಅಮ್ಮ ಹಣೆ ಚಚ್ಚಿಕೊಂಡು ಬಂದರು. "ಒಂಬತ್ತು ವರ್ಷದಿಂದ ಊರೆಲ್ಲಾ ಇವಳನ್ನ ನಂಬಲ್ಲ ಅಂತ ನೀವೇ ಬೈತಿದ್ರಿ! ಈಗ ನೀವು ಮಾಡಿದ್ದೇನು?"

ಅಪ್ಪ ತಲೆ ತಗ್ಗಿಸಿ ನಿಂತರು. ಅರವತ್ತೆರಡರ ಆ ಮನುಷ್ಯ ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟ ಹುಡುಗನಂತೆ ಕಂಡರು. ಅವಳಿಗೆ ಸಿಟ್ಟು ಬಂತು, ಅಳು ಬಂತು, ಕೊನೆಗೆ ನಗುವೇ ಬಂದುಬಿಟ್ಟಿತು.

"ಭಯ ಆದ್ರೆ ನನ್ನ ಕೇಳಬೇಕಿತ್ತು ಅಪ್ಪ."

"ತಪ್ಪಾಯ್ತು ಕಂದ. ಈಗ ಹೇಳು, ಏನು ಮಾಡೋಣ?"

ಅವಳು ಯೋಚಿಸಿದಳು. ಟಾರು ರಸ್ತೆಗೆ ಅಪ್ಪನ ಭಯವೂ ಸುಳ್ಳಲ್ಲ. ಬಂಡೆಗೆ ತನ್ನ ಲೆಕ್ಕವೂ ತಪ್ಪಲ್ಲ.

"ದಪ್ಪದ್ದೇ ಇರಲಿ. ಬಾರನ್ನ ಚಕ್ರದ ಕಡೆಗೆ ಕಟ್ಟಿರೋ ಲಿಂಕ್ ಇದೆಯಲ್ಲ, ಅದಕ್ಕೆ ಬೋಲ್ಟ್ ಬದಲು ಕೈಯಲ್ಲಿ ಎಳೆದು ತೆಗೆಯೋ ಪಿನ್ ಮಾಡೋಣ. ಬಂಡೆ ಶುರುವಾಗೋ ಹತ್ರ ಎರಡು ಪಿನ್ ತೆಗೆದ್ರೆ ಚಕ್ರಕ್ಕೆ ಬಿಡುಗಡೆ. ಟಾರಿಗೆ ಬಂದ ಮೇಲೆ ಮತ್ತೆ ಹಾಕೋದು."

ಅಪ್ಪ ಲೇತ್ ಯಂತ್ರದ ದೀಪ ಹಾಕಿದರು. ಊಟದ ಹೊತ್ತಿಗೆ ಎರಡು ಪಿನ್‌ಗಳು ಸಿದ್ಧವಾಗಿದ್ದವು. ಬೆರಳಿಗೆ ತಾಗಬಾರದೆಂದು ಅಪ್ಪ ಅವುಗಳ ಅಂಚನ್ನು ನಾಲ್ಕು ಸಲ ಉಜ್ಜಿದ್ದರು.

ಮರುದಿನ ಬೆಳಕು ಹರಿಯುವಾಗ ಅವಳ ಸ್ಕೂಟರ್ ಜೇನಿನವನ ಶೆಡ್ಡಿನ ಮುಂದೆ ನಿಂತಿತು. ಅವನು ಪೆಟ್ಟಿಗೆಯೊಂದನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ.

"ಇದೇನು ಮಾಡ್ತಿದೀರ?"

"ನೀವಾ!" ಅವನ ಕೈಯಿಂದ ಹಗ್ಗ ಜಾರಿತು. "ಬಂಡೆ ದಾರೀಲಿ ಒಂದೊಂದೇ ಹೊತ್ಕೊಂಡು ಹೋಗೋ ಅಭ್ಯಾಸ ಮಾಡ್ತಿದ್ದೆ. ಇನ್ನು ಮುರಿಸೋಕೆ ನನ್ನ ಕೈಲಾಗಲ್ಲ."

"ಹದಿನಾರನ್ನೂ ಬೆನ್ನ ಮೇಲೆ?! ದಪ್ಪ ಬಾರ್ ಬಂದು ಕೂತಿದ್ದು ನಿಮಗೆ ಗೊತ್ತಿರಲಿಲ್ವಾ?"

"ಶುಕ್ರವಾರವೇ ಗೊತ್ತಾಯ್ತು. ಸೀಟಿನ ಕೆಳಗೆ ಇರಲಿಲ್ಲವಲ್ಲ."

"ಮತ್ತೆ ಯಾಕೆ ಕೇಳಲಿಲ್ಲ ನನ್ನ?"

ಅವನು ನೆಲ ನೋಡಿದ. "ನೀವು ಹಾಕಿಸಿದ್ರಿ ಅಂದ್ಕೊಂಡೆ. ನೀವು ಹಾಕಿಸಿದ್ರೆ ಏನೋ ಕಾರಣ ಇದ್ದೇ ಇರುತ್ತೆ. ಬಂಡೆ ಹತ್ತಬೇಡ ಅಂತ ಹೇಳ್ತಿದ್ದೀರೇನೋ... ನನ್ನ ಜೊತೆ ಬರೋಕೆ ಇಷ್ಟ ಇಲ್ಲ ಅಂತ ಹೇಳೋಕೆ ಸಂಕೋಚವೇನೋ... ನಿನ್ನೆ ನೀವು ಕೆಲಸ ಇದೆ ಅಂದಾಗ ಅದೇ ಖಾತ್ರಿ ಆಯ್ತು."

ನಂಬಿಕೆಯೇ ಇಲ್ಲ ಎಂದು ಅವಳು ಮುನಿಸಿಕೊಂಡಿದ್ದಳು! ಇವನೋ, ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದರೂ, ಮೇಸ್ತ್ರಿ ಮಾಡಿದ್ದು ಸರಿಯೇ ಇರಬೇಕು ಎಂದು ನಂಬಿಕೊಂಡು ಬಂಡೆ ಹತ್ತಿ ಇಳಿದಿದ್ದ.

"ಅಷ್ಟೊಂದು ನಂಬಬಾರದು ಯಾರನ್ನೂ," ಎಂದಳು. "ಒಂದು ಮಾತು ಕೇಳಬೇಕು."

"ನೀವೂ ಕೇಳಲಿಲ್ವಲ್ಲ."

"ಇಲ್ಲ... ನಾನೂ ಕೇಳಲಿಲ್ಲ."

ಅಪ್ಪನ ಕತೆ ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಸಲ ನೊಣಗಳ ನೆನಪೂ ಆಗಲಿಲ್ಲ.

ಪಿನ್ ಜೋಡಿಸಿ, ಪೆಟ್ಟಿಗೆ ಏರಿಸಿ ಹೊರಟರು. ತಿರುವುಗಳಲ್ಲಿ ಜೀಪು ನೆಟ್ಟಗೆ ಹೋಯಿತು. ಬಂಡೆ ಶುರುವಾಗುವಲ್ಲಿ ಪಿನ್ ತೆಗೆದು ಬಾರನ್ನು ಮೇಲೆ ಕಟ್ಟಿದರು. ಆಮೇಲೆ ಅವಳು ದಾರಿ ನೋಡಲಿಲ್ಲ, ಕಿವಿ ಹಿಂದಕ್ಕೆ ಕೊಟ್ಟು ಕೂತಳು. ಒಂದು ಚಕ್ರ ಏರಿತು, ಇನ್ನೊಂದು ಇಳಿಯಿತು, ಪೆಟ್ಟಿಗೆಗಳ ಗುಂಯ್ ಸದ್ದು ಮಾತ್ರ ಏರಲೂ ಇಲ್ಲ, ಇಳಿಯಲೂ ಇಲ್ಲ. ಕೊನೆಯ ಬಂಡೆ ದಾಟಿದಾಗ ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರು. ಎದುರಿನ ಇಳಿಜಾರೆಲ್ಲ ನೇರಳೆ ಹೂ!

ಇಳಿದು ಬಂದು ಟಾರಿನ ಅಂಚಿನಲ್ಲಿ ಜೀಪು ನಿಲ್ಲಿಸಿದರು. ಅವನು ಎಡಗಡೆ, ಅವಳು ಬಲಗಡೆ ಮಂಡಿಯೂರಿ ಬಗ್ಗಿದರು. ಜೀಪಿನ ಅಡಿಯಲ್ಲಿ ಇಬ್ಬರ ಮುಖಗಳೂ ಎದುರಾದವು.

"ಇದನ್ನ ಪ್ರತಿ ಸಲ ಮಾಡಬೇಕಾ?" ಕೇಳಿದ ಅವನು.

"ಪ್ರತಿ ಸಲ. ಹತ್ತೋ ಮುಂಚೆ ತೆಗೀಬೇಕು, ಇಳಿದ ಮೇಲೆ ಹಾಕಬೇಕು."

"ಒಬ್ಬನೇ ಎರಡೂ ಕಡೆ ಸುತ್ತಿ ಬರಬೇಕು ಹಾಗಾದ್ರೆ..."

"ಹೌದು."

ಅವನು ತನ್ನ ಕಡೆಯ ಪಿನ್ನನ್ನು ಅರ್ಧ ಒಳಗೆ ತಳ್ಳಿ ನಿಲ್ಲಿಸಿದ.

"ಈ ಕಡೆ ನಾನು ಯಾವಾಗ್ಲೂ ಇರ್ತೀನಿ. ಆ ಕಡೆ... ನೀವಿರ್ತೀರಾ? ಇವತ್ತಿಗೆ ಕೇಳ್ತಿಲ್ಲ. ಜೀವನ ಪೂರ್ತಿಗೆ ಕೇಳ್ತಿದ್ದೀನಿ. ಒಂದು ಮಾತು ಕೇಳಬೇಕು ಅಂದ್ರಲ್ಲ, ಅದಕ್ಕೆ."

ಬಲಗಡೆಯ ಪಿನ್ 'ಟಕ್' ಎಂದು ಕೂತಿತು.

"ನಿಮ್ಮ ಕಡೆ ಪಿನ್ ಇನ್ನೂ ಪೂರ್ತಿ ಒಳಗೆ ಹೋಗಿಲ್ಲ," ಎಂದಳು ಅವಳು.

"ನಾನು ಕೇಳಿದ್ದಕ್ಕೆ ಉತ್ತರ ಇದಾ?!"

ಗ್ರೀಸ್ ಮೆತ್ತಿದ ಅವಳ ಕೆನ್ನೆ ಕೆಂಪಾಗಿತ್ತು. ಕಣ್ಣಲ್ಲಿ ನೀರೂ ಇತ್ತು, ನಗುವೂ ಇತ್ತು.

"ಮೊದ್ಲು ಸರಿಯಾಗಿ ಕೂರಿಸಿ. ಇನ್ಮೇಲೆ ಪ್ರತಿ ಸಲ ನಾನು ಕೂರೋ ಗಾಡಿ ಅದು."